ಮೈಗೆ ಅಂಟಿಸೋ ಎಲೆಕ್ಟ್ರೋಡ್: ಒದ್ದೆ ಜೆಲ್ಲೋ, ಹೈಡ್ರೋಜೆಲ್ಲೋ, ಒಣ ಪಟ್ಟಿಯೋ?

ಹೋದ ಮೇ ತಿಂಗಳಲ್ಲಿ ಅಮ್ಮನಿಗೆ 24 ಗಂಟೆಯ ಹೋಲ್ಟರ್ ಹಾಕಿಸಿದೆವು. ಎದೆಗೆ ಸ್ಟಿಕ್ಕರ್ ಅಂಟಿಸಿ ಹೃದಯದ ಬಡಿತ ರೆಕಾರ್ಡ್ ಮಾಡೋ ಯಂತ್ರ ಅದು, ಆ ಸ್ಟಿಕ್ಕರಿಗೇ ಎಲೆಕ್ಟ್ರೋಡ್ ಅನ್ನೋದು. ಎದೆ ಆಗಾಗ ಧಸಕ್ ಅನ್ನುತ್ತದೆ ಅಂತ ಹೇಳುತ್ತಿದ್ದರು. ಮಂಗಳೂರಿನ ಸೆಕೆ ಗೊತ್ತಲ್ಲ. ಬೆಳಗ್ಗೆ ಐದು ಸ್ಟಿಕ್ಕರ್ ಅಂಟಿಸಿ ಮನೆಗೆ ಕಳಿಸಿದರು. ರಾತ್ರಿ ಹನ್ನೊಂದಕ್ಕೆ ನೋಡಿದರೆ ಎರಡು ಬಿಟ್ಟುಕೊಂಡು ಸೀರೆಗೆ ಅಂಟಿ ಕೂತಿದ್ದವು. ರಿಪೋರ್ಟಿನಲ್ಲಿ ಅರ್ಧಕ್ಕರ್ಧ ಬರೀ ಗೀಚು. ಮತ್ತೆ ಹಾಕಿಸಿ ಅಂದರು. ಮತ್ತೆ ದುಡ್ಡು, ಮತ್ತೆ ಆಟೋ, ಮತ್ತೆ ಕ್ಯೂ. ಅದರ ಮೇಲೆ ಅಮ್ಮನ ಎದೆಯ ಮೇಲೆ ಐದು ಕೆಂಪು ಬಿಲ್ಲೆ, ವಾರವಿಡೀ ತುರಿಕೆ.

ನಾನು ಡಾಕ್ಟರ್ ಅಲ್ಲ. ಎಲೆಕ್ಟ್ರಾನಿಕ್ಸ್ ಓದಿದವನು. ಮನೆಯಲ್ಲಿ ಎಡಿ8232 ಚಿಪ್ ಇರೋ ಪುಟ್ಟ ಇಸಿಜಿ ಬೋರ್ಡ್ (ಹೃದಯದ ವಿದ್ಯುತ್ ಸಿಗ್ನಲ್ಲನ್ನು ಗೆರೆಯಾಗಿ ತೋರಿಸೋದು) ಇಟ್ಟುಕೊಂಡು ಆಟ ಆಡುವ ಚಟ ಇದೆ. ಈ ಘಟನೆ ಆದ ಮೇಲೆ ತಲೆ ಕೆಟ್ಟು, ಸಿಕ್ಕ ಸಿಕ್ಕ ಸ್ಟಿಕ್ಕರೆಲ್ಲ ತರಿಸಿ ನನ್ನ ಮೈಗೇ ಅಂಟಿಸಿಕೊಂಡು ನೋಡಿದೆ. ಹೆಂಡತಿ ನಕ್ಕಿದ್ದೇ ನಕ್ಕಿದ್ದು.

ಎಲ್ಲರೂ ಕೇಳೋದು "ಸಿಗ್ನಲ್ ಯಾವುದರಲ್ಲಿ ಚೆನ್ನಾಗಿ ಬರುತ್ತೆ?" ಅಂತ. ಅಂಟಿಸಿದ ಮೊದಲ ಐದು ನಿಮಿಷ ಹೆಚ್ಚುಕಮ್ಮಿ ಎಲ್ಲದರಲ್ಲೂ ಚೆನ್ನಾಗೇ ಬರುತ್ತೆ. ಹತ್ತನೇ ಗಂಟೆಯಲ್ಲಿ ಏನಾಗುತ್ತೆ, ಮೂರನೇ ದಿನ ಏನಾಗುತ್ತೆ, ಕಿತ್ತಾಗ ಚರ್ಮ ಹೇಗಿರುತ್ತೆ, ಇದನ್ನು ಕೇಳಿ. ಎಷ್ಟು ಹೊತ್ತು ಮೈಮೇಲೆ ಇರಬೇಕು ಅನ್ನೋದು ಮೊದಲು ತೀರ್ಮಾನ ಆಗಲಿ. ಉಳಿದದ್ದು ಆಮೇಲೆ.

ತೊಂದರೆ ಇರೋದು ಚರ್ಮದಲ್ಲಿ

ಚರ್ಮದ ತೀರಾ ಮೇಲಿನ ಪದರ ಸತ್ತ ಕೋಶಗಳ ಹೊದಿಕೆ. ದಪ್ಪ ಬರೀ 10ರಿಂದ 20 ಮೈಕ್ರಾನ್, ಅಂಗೈ ಅಂಗಾಲಲ್ಲಿ ಜಾಸ್ತಿ. ಇಷ್ಟು ತೆಳು ಪದರ ಕರೆಂಟಿಗೆ ಗೋಡೆ ಥರ ಅಡ್ಡ ನಿಲ್ಲುತ್ತದೆ. ಒಣಗಿದ ಚರ್ಮದಲ್ಲಿ ತಡೆ ಹತ್ತಾರು ಸಾವಿರ ಓಮ್‌ನಿಂದ ಲಕ್ಷ ಓಮ್ ದಾಟುವುದೂ ಉಂಟು. ಅದರ ಮೂಲಕ ನಾವು ಹಿಡಿಯಬೇಕಾದ ಹೃದಯದ ಸಿಗ್ನಲ್ ಎಷ್ಟು? ಸುಮಾರು 1 ಮಿಲಿವೋಲ್ಟ್. ಮಿದುಳಿನ ಇಇಜಿ ಆದರೆ ಅದರ ಹತ್ತನೇ ಒಂದು ಭಾಗವೂ ಇರೋದು ಕಷ್ಟ.

ಇನ್ನೊಂದು ಕಿತಾಪತಿ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಚರ್ಮದ ಒಳಗೂ ಹೊರಗೂ ನಡುವೆ ಅದರದ್ದೇ ಒಂದು ವೋಲ್ಟೇಜ್ ಇರುತ್ತದೆ, ಸುಮಾರು 30 ಮಿಲಿವೋಲ್ಟ್. ಚರ್ಮ ಎಳೆದರೆ ಅದು ಸುಮಾರು 25ಕ್ಕೆ ಇಳಿಯುತ್ತದೆ. ಅಂದರೆ ನೀವು ಪಕ್ಕಕ್ಕೆ ಹೊರಳಿ ಮಲಗಿದ್ದಕ್ಕೇ ಹೃದಯದ ಸಿಗ್ನಲ್ಲಿಗಿಂತ ಐದು ಪಟ್ಟು ದೊಡ್ಡ ಅಲೆ ಏಳಬಹುದು. ರಿಪೋರ್ಟಿನಲ್ಲಿ ಕಾಣೋ ಗೀಚಿನಲ್ಲಿ ಸುಮಾರು ಪಾಲು ಇದೇ. ಸ್ಟಿಕ್ಕರ್ ಎಷ್ಟು ದುಬಾರಿಯದ್ದಾದರೂ ಚರ್ಮ ಉಜ್ಜದೆ ಅಂಟಿಸಿದರೆ ಇದು ತಪ್ಪಲ್ಲ. ಮೇಲಿನ ಸತ್ತ ಪದರವನ್ನು ಒರಟು ಬಟ್ಟೆಯಲ್ಲಿ ಸ್ವಲ್ಪ ಉಜ್ಜಿದರೆ ತಡೆಯೂ ಇಳಿಯುತ್ತದೆ, ಈ ಅಲೆಯೂ ಇಳಿಯುತ್ತದೆ.

ಈ ಗೋಡೆ ದಾಟಲು ಮನುಷ್ಯ ಮೊದಲಿಂದ ನೆಚ್ಚಿಕೊಂಡಿರೋದು ಉಪ್ಪುನೀರನ್ನೇ. ಇಸಿಜಿಗೆ 1924ರಲ್ಲಿ ನೊಬೆಲ್ ತಗೊಂಡ ನೆದರ್ಲೆಂಡಿನ ವಿಲ್ಲೆಮ್ ಐಂಥೋವನ್ ಅವರ ಹಳೇ ಫೋಟೋ ನೋಡಿ. ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂತಿರುತ್ತಾನೆ. ಇವತ್ತಿನ ಸ್ಟಿಕ್ಕರ್ ನಡುವೆ ಇರೋ ಜೆಲ್ ಅದೇ ಬಕೆಟ್ಟು, ಕಾಸಿನಗಲಕ್ಕೆ ಇಳಿದಿದೆ ಅಷ್ಟೇ. ನೀರನ್ನು ಹೇಗೆ ಹಿಡಿದಿಡುತ್ತಾರೆ ಅನ್ನೋದರಲ್ಲೇ ಎಲ್ಲ ವ್ಯತ್ಯಾಸ.

ಒದ್ದೆ ಜೆಲ್

ನಡುವೆ ಒಂದು ಸ್ಪಂಜು, ಅದರಲ್ಲಿ ಉಪ್ಪಿನ ಜೆಲ್, ಸುತ್ತ ಫೋಮಿನ ಅಂಟು ಬಳೆ, ಮೇಲೆ ಟಿಚ್ ಬಟನ್ ಥರದ ಗುಂಡಿ. ಗುಂಡಿಯ ಕೆಳಗೆ ಬೆಳ್ಳಿ ಮತ್ತು ಬೆಳ್ಳಿ ಕ್ಲೋರೈಡಿನ ಲೇಪ ಇರುತ್ತದೆ. ಈ ಜೋಡಿಯ ವೋಲ್ಟೇಜ್ ಅಲುಗಾಡದೆ ಒಂದೇ ಕಡೆ ನಿಲ್ಲುತ್ತದೆ, ಅದಕ್ಕೇ ಇಷ್ಟು ವರ್ಷದಿಂದ ಇದನ್ನು ಬಿಟ್ಟು ಬೇರೆ ಯಾವುದೂ ಪೂರ್ತಿ ಗೆದ್ದಿಲ್ಲ.

ಒದ್ದೆ ಜೆಲ್‌ನ ಗುಣ ಅಂದರೆ ಆತುರ. ಅಂಟಿಸಿದ ಕೂಡಲೇ ಚರ್ಮದ ಗೆರೆ, ರಂಧ್ರಗಳಿಗೆಲ್ಲ ಇಳಿದು ತಡೆ ಬೇಗ ಕಡಿಮೆ ಮಾಡುತ್ತದೆ. ಟ್ರೆಡ್‌ಮಿಲ್ ಮೇಲೆ ಓಡಿಸೋ ಪರೀಕ್ಷೆಗೆ ಹೇಳಿ ಮಾಡಿಸಿದ್ದು. ಅವಗುಣ ಏನಪ್ಪಾ ಅಂದರೆ ಉಪ್ಪು ಜಾಸ್ತಿ. ಬಹಳ ಹೊತ್ತು ಇದ್ದರೆ ಕೆಲವರ ಚರ್ಮ ಉರಿಯುತ್ತದೆ. ಒತ್ತಿದರೆ ಜೆಲ್ ಪಕ್ಕಕ್ಕೆ ಜಾರಿ ಅಂಟಿನ ಬಳೆಯ ಕೆಳಗೆ ಹೋಗುತ್ತದೆ, ಅಲ್ಲಿಗೆ ಅಂಟಿನ ಕಥೆ ಮುಗಿಯಿತು. ಕಿತ್ತ ಮೇಲೆ ಲೋಳೆ ಒರೆಸಬೇಕು.

ಒಂದು ದಿನದೊಳಗೆ ಮುಗಿಯೋ ಕೆಲಸ, ಮೈ ಅಲುಗಾಟ ಜಾಸ್ತಿ ಅನ್ನೋದಾದರೆ ನಾನು ಈಗಲೂ ಒಳ್ಳೆ ಅಂಟಿರೋ ಒದ್ದೆ ಜೆಲ್ ಸ್ಟಿಕ್ಕರನ್ನೇ ಆರಿಸುತ್ತೇನೆ.

ಹೈಡ್ರೋಜೆಲ್

ಕಾಮಕಸ್ತೂರಿ ಬೀಜ ನೆನೆಸಿದ್ದೀರಲ್ವಾ? ಬೀಜದ ಸುತ್ತ ಪಾರದರ್ಶಕ ಲೋಳೆ ಉಬ್ಬುತ್ತದೆ. ಅದು ನೀರೇ, ಆದರೆ ಸುರಿದರೆ ಹರಿಯಲ್ಲ. ಹೈಡ್ರೋಜೆಲ್ ಅಂದರೆ ಅದೇ. ಪಾಲಿಮರ್ ಎಳೆಗಳ ಬಲೆ, ಬಲೆಯೊಳಗೆ ಸಿಕ್ಕಿಹಾಕಿಕೊಂಡ ನೀರು. ಜೆಕೊಸ್ಲೊವಾಕಿಯಾದ ಒಟ್ಟೊ ವಿಕ್ಟರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್ 1960ರಲ್ಲಿ ದೇಹಕ್ಕೆ ಹೊಂದೋ ಇಂಥ ಜೆಲ್ ಬಗ್ಗೆ ಬರೆದರು. ಮೆತ್ತನೆ ಕಾಂಟ್ಯಾಕ್ಟ್ ಲೆನ್ಸ್ ಬಂದಿದ್ದು ಅಲ್ಲಿಂದಲೇ. ಎಲೆಕ್ಟ್ರೋಡಿನಲ್ಲಿ ಆ ನೀರಿಗೆ ಸ್ವಲ್ಪ ಉಪ್ಪು, ಒಣಗದಿರಲಿ ಅಂತ ಗ್ಲಿಸರಿನ್‌ನಂಥದ್ದು ಸೇರಿಸುತ್ತಾರೆ.

ಇದರ ದೊಡ್ಡ ಲಾಭ ಅಂದರೆ ಜೆಲ್ಲೇ ಅಂಟು, ಅಂಟೇ ಜೆಲ್. ಜಾರಿ ಹೋಗಲ್ಲ. ಕಿತ್ತಾಗ ರಾಡಿ ಇಲ್ಲ. ಉಪ್ಪು ಕಡಿಮೆ ಇರೋದರಿಂದ ಚರ್ಮಕ್ಕೆ ಮೆತ್ತಗೆ. ತಪ್ಪು ಜಾಗಕ್ಕೆ ಅಂಟಿಸಿದರೆ ತೆಗೆದು ಒಮ್ಮೆ ಮತ್ತೆ ಅಂಟಿಸಲೂಬಹುದು. ಬೆಲೆ ಕಟ್ಟಬೇಕಾದದ್ದು ತಡೆಯ ರೂಪದಲ್ಲಿ. ಒದ್ದೆ ಜೆಲ್‌ನಷ್ಟು ಬೇಗ ಚರ್ಮದೊಳಗೆ ಇಳಿಯಲ್ಲ, ಹಾಗಾಗಿ ಮೊದಲ ಹತ್ತು ಹದಿನೈದು ನಿಮಿಷ ಸಿಗ್ನಲ್ ಸ್ವಲ್ಪ ತೇಲಾಡುತ್ತದೆ. ಆಮೇಲೆ ಕೂರುತ್ತದೆ. ನಮ್ಮ ಮನೆಯ ಬೋರ್ಡಿನಲ್ಲಿ ಇದು ಕಣ್ಣಿಗೆ ಕಾಣೋ ಹಾಗೆ ಇತ್ತು: ಅಂಟಿಸಿದ ಕೂಡಲೇ ಗೆರೆ ಮೇಲೆ ಕೆಳಗೆ ಈಜುತ್ತಿತ್ತು, ಕಾಫಿ ಕುಡಿದು ಬರುವಷ್ಟರಲ್ಲಿ ತೆಪ್ಪಗೆ ನಿಂತಿತ್ತು.

ಇಲ್ಲೊಂದು ಗೊಂದಲ ಬಿಡಿಸಿಕೊಳ್ಳಿ. ಅಂಗಡಿಯಲ್ಲಿ "ಹೈಡ್ರೋಜೆಲ್" ಅಂತ ಕೊಡೋದರಲ್ಲಿ ಎರಡು ಜಾತಿ ಇವೆ. ಒಂದು, ಚೌಕಾಕಾರದ ತೆಳು ಪಟ್ಟಿ, ಅಡಿ ಪೂರ್ತಿ ಜೆಲ್, ಬೇರೆ ಅಂಟೇ ಇಲ್ಲ. ಮಲಗಿಸಿ ಹತ್ತು ನಿಮಿಷ ಇಸಿಜಿ ತೆಗೆಯೋಕೆ ಇರೋದು. ಅದನ್ನು ರಾತ್ರಿಯಿಡೀ ಹಾಕಿಕೊಂಡರೆ ಬೆವರಿಗೆ ಮೀನಿನ ಥರ ಜಾರುತ್ತದೆ. ಇನ್ನೊಂದು, ನಡುವೆ ಹೈಡ್ರೋಜೆಲ್, ಸುತ್ತ ಫೋಮ್ ಅಥವಾ ಬಟ್ಟೆಯ ಅಂಟು. ಇಲ್ಲಿ ಜೆಲ್‌ನ ಕೆಲಸ ಕರೆಂಟು, ಬಳೆಯ ಕೆಲಸ ಹಿಡಿತ. ದಿನಗಟ್ಟಲೆ ಹಾಕಿಕೊಳ್ಳೋಕೆ ಬೇಕಿರೋದು ಈ ಎರಡನೇದು. ಆನ್‌ಲೈನಿನಲ್ಲಿ ತರಿಸುವಾಗ ಫೋಟೋ ನೋಡಿ ಆರ್ಡರ್ ಮಾಡಿ, ಹೆಸರು ನೋಡಿ ಅಲ್ಲ.

ಬಳೆಯಲ್ಲೂ ಆಯ್ಕೆ ಇದೆ. ಫೋಮ್ ಗಟ್ಟಿ, ನೀರು ಒಳಗೆ ಬಿಡಲ್ಲ, ಆದರೆ ಬೆವರನ್ನು ಹೊರಗೂ ಬಿಡಲ್ಲ, ಅಡಿಯಲ್ಲೇ ಬೇಯಿಸುತ್ತದೆ. ಬಟ್ಟೆ ಉಸಿರಾಡುತ್ತದೆ, ಚರ್ಮದ ಜೊತೆ ಎಳೆದುಕೊಂಡು ಬರುತ್ತದೆ. ಸ್ನಾನದ ನೀರು ಬಿದ್ದರೆ ಅಂಚು ಎದ್ದೇಳುತ್ತದೆ.

ನೀರಿನ ಜೆಲ್ ಅಂದ ಮೇಲೆ ಹವೆ ಮುಖ್ಯ. ಕಲಬುರಗಿ, ರಾಯಚೂರಿನ ಏಪ್ರಿಲ್ ಒಣ ಬಿಸಿಲಿನಲ್ಲಿ ಜೆಲ್ ಒಣಗುತ್ತದೆ, ಅಂಚು ಗಟ್ಟಿಯಾಗುತ್ತದೆ, ತಡೆ ಏರುತ್ತದೆ. ಇಡೀ ದಿನ ಎಸಿಯಲ್ಲಿ ಕೂತವರಿಗೂ ಅದೇ ಕಥೆ. ಕರಾವಳಿಯಲ್ಲಿ ಉಲ್ಟಾ: ಜೆಲ್ ಬೆವರು ಕುಡಿದು ಉಬ್ಬಿ ಹಿಡಿತ ಸಡಿಲ ಮಾಡಿಕೊಳ್ಳುತ್ತದೆ. ಹಾಗಾಗಿ ಒಣ ಊರಿನವರು ಒಳಗಿನ ಜೆಲ್ ನೋಡಿ ತಗೊಳ್ಳಿ, ಪ್ಯಾಕ್ ಹೊಸದಿರಲಿ. ಕರಾವಳಿಯವರು ಹೊರಗಿನ ಬಳೆ ನೋಡಿ ತಗೊಳ್ಳಿ, ಬಟ್ಟೆಯದ್ದಿರಲಿ, ಬಳೆ ಅಗಲ ಇರಲಿ.

ಪ್ಯಾಕ್ ಒಡೆದ ಮೇಲೆ ಆಯಸ್ಸು ಕಡಿಮೆ. ಸಾಮಾನ್ಯವಾಗಿ ಒಂದು ತಿಂಗಳೊಳಗೆ ಮುಗಿಸಿ ಅಂತ ಕವರಿನ ಮೇಲೇ ಬರೆದಿರುತ್ತದೆ. ಉಳಿದದ್ದನ್ನು ಅದೇ ಕವರಿನಲ್ಲಿ ಬಾಯಿ ಮಡಚಿ ಇಡಿ. 50ರ ಪ್ಯಾಕ್ ಅಗ್ಗ ಅಂತ ತಂದು ಆರು ತಿಂಗಳು ಡ್ರಾಯರಿನಲ್ಲಿ ಇಟ್ಟು, ಆಮೇಲೆ ಬೋರ್ಡು ಸರಿಯಿಲ್ಲ ಅಂತ ಬೋರ್ಡಿಗೆ ಬೈದವನು ನಾನೇ.

ಕವರಿನ ಮೇಲೆ ಇಸಿ12 ಅನ್ನೋ ಅಮೆರಿಕದ ಮಾನದಂಡದ ಹೆಸರು ಇದ್ದರೆ ಒಳ್ಳೇದು. ಎರಡು ಸ್ಟಿಕ್ಕರ್‌ಗಳ ಜೆಲ್ಲನ್ನು ಮುಖಾಮುಖಿ ಅಂಟಿಸಿ 10 ಹರ್ಟ್ಸ್‌ನಲ್ಲಿ ಅಳೆದರೆ ಸರಾಸರಿ ತಡೆ 2,000 ಓಮ್ ದಾಟಬಾರದು, ವೋಲ್ಟೇಜ್ ವ್ಯತ್ಯಾಸ 100 ಮಿಲಿವೋಲ್ಟ್ ಮೀರಬಾರದು ಅಂತ ಅದರ ಅರ್ಥ. ಚರ್ಮದ ಲಕ್ಷ ಓಮ್ ಮುಂದೆ ಇದು ಏನೂ ಅಲ್ಲ, ನೋಡಿ. ಸ್ಟಿಕ್ಕರ್ ಸ್ಟಿಕ್ಕರ್ ನಡುವಿನ ವ್ಯತ್ಯಾಸಕ್ಕಿಂತ ಉಜ್ಜಿದ ಚರ್ಮ, ಉಜ್ಜದ ಚರ್ಮದ ವ್ಯತ್ಯಾಸವೇ ದೊಡ್ಡದು.

ಟೆನ್ಸ್ ಪ್ಯಾಡ್ ಸಾಕಲ್ವಾ?

ಸಾಕಾಗಲ್ಲ. ಬೆನ್ನುನೋವಿಗೆ ಕರೆಂಟು ಕೊಡೋ ಟೆನ್ಸ್ ಮೆಷಿನ್ ಪ್ಯಾಡೂ ಹೈಡ್ರೋಜೆಲ್ಲೇ, ಒಂದು ಹನಿ ನೀರು ಹಚ್ಚಿ ಹತ್ತಾರು ಸಲ ಬಳಸಬಹುದು, ಅಗ್ಗವೂ ಹೌದು. ಕಾಲೇಜು ಪ್ರಾಜೆಕ್ಟ್ ಮಾಡೋ ಹುಡುಗರು ಅದನ್ನೇ ಇಸಿಜಿಗೆ ಹಾಕಿ ಪರದಾಡುತ್ತಾರೆ. ಅದರೊಳಗೆ ಸಾಮಾನ್ಯವಾಗಿ ಇರೋದು ಕಾರ್ಬನ್, ಬೆಳ್ಳಿ ಕ್ಲೋರೈಡ್ ಅಲ್ಲ. ಅದು ಕರೆಂಟು ಒಳಗೆ ಕಳಿಸೋಕೆ ಮಾಡಿದ್ದು, ಒಂದು ಮಿಲಿವೋಲ್ಟ್ ಕೇಳಿಸಿಕೊಳ್ಳೋಕೆ ಅಲ್ಲ. ಗೆರೆ ಒಂದು ಕಡೆ ನಿಲ್ಲದೆ ತೇಲುತ್ತಲೇ ಇರುತ್ತದೆ. ಹಾಗೇ ಒಂದೇ ಮೈಮೇಲೆ ಎರಡು ಬ್ರ್ಯಾಂಡಿನ ಸ್ಟಿಕ್ಕರ್ ಬೆರೆಸಬೇಡಿ. ಒಂದೊಂದರ ವೋಲ್ಟೇಜ್ ಒಂದೊಂದು ಥರ, ಆ ವ್ಯತ್ಯಾಸವೇ ಸಿಗ್ನಲ್ ಒಳಗೆ ಬಂದು ಕೂರುತ್ತದೆ.

ಒಣ ಪಟ್ಟಿ, ವಾಚು

ಎದೆಗೆ ಕಟ್ಟೋ ಪಟ್ಟಿಗೆ ಜೆಲ್ ಇಲ್ಲ, ಅಂಟಿಲ್ಲ. ಫಿನ್ಲೆಂಡಿನ ಪೋಲಾರ್ ಕಂಪನಿ 1982ರಲ್ಲೇ ವೈರಿಲ್ಲದ ಹೃದಯ ಬಡಿತದ ಮೀಟರ್ ಮಾರಾಟಕ್ಕೆ ತಂದಿತ್ತು. ಕರೆಂಟು ಹರಿಸೋ ರಬ್ಬರೋ ಬೆಳ್ಳಿ ಲೇಪದ ಬಟ್ಟೆಯೋ ಚರ್ಮಕ್ಕೆ ತಾಗುತ್ತದೆ. ಜೆಲ್ ಕೆಲಸವನ್ನು ನಿಮ್ಮ ಬೆವರೇ ಮಾಡುತ್ತದೆ. ಅದಕ್ಕೇ ಕಟ್ಟಿಕೊಳ್ಳೋ ಮುಂಚೆ ನೀರು ಹಚ್ಚಿ ಅನ್ನೋದು. ಇಲ್ಲದಿದ್ದರೆ ಬೆವರು ಬರೋ ತನಕ ಮೀಟರ್ ಬಾಯಿಗೆ ಬಂದದ್ದು ಹೇಳುತ್ತದೆ. ಓಡುವವರಿಗೆ, ಸೈಕಲ್ ತುಳಿಯುವವರಿಗೆ ಇದಕ್ಕಿಂತ ಒಳ್ಳೇದು ಬೇಡ. ನೂರಾರು ಸಲ ಬಳಸಬಹುದು, ಚರ್ಮ ಕೀಳಲ್ಲ. ಆದರೆ ಪಟ್ಟಿ ಬಿಗಿದುಕೊಂಡು ರಾತ್ರಿಯಿಡೀ ಮಲಗಿ ನೋಡಿ, ಆಮೇಲೆ ಮಾತಾಡೋಣ.

ವಾಚಿನ ವಿಷಯ ಬೇಗ ಮುಗಿಸುತ್ತೇನೆ. ದಿನವಿಡೀ ಅದು ನೋಡೋದು ಇಸಿಜಿ ಅಲ್ಲ, ಹಸಿರು ಬೆಳಕಿನಲ್ಲಿ ರಕ್ತದ ಏರಿಳಿತ. 2018ರಲ್ಲಿ ಆಪಲ್ ವಾಚ್ ಇಸಿಜಿ ತಂದಿತು, ನಿಜ. ಆದರೆ ಅದು ನೀವು ಬೆರಳಿಟ್ಟು ಕೂತ 30 ಸೆಕೆಂಡ್ ಮಾತ್ರ, ಒಂದೇ ಕೋನದಿಂದ. ನಿದ್ದೆಯಲ್ಲಿ ಬಡಿತ ತಪ್ಪಿದರೆ ಬೆರಳು ಇಡೋರು ಯಾರು?

ಹದಿನಾಲ್ಕು ದಿನದ ಪ್ಯಾಚ್

ಎದೆ ಧಸಕ್ ಅನ್ನೋದು ವಾರಕ್ಕೊಮ್ಮೆ ಆದರೆ 24 ಗಂಟೆಯ ಹೋಲ್ಟರ್ ಲಾಟರಿ ಟಿಕೆಟ್ ಇದ್ದ ಹಾಗೆ. ಅಂಥವರಿಗೆ ವೈರೇ ಇಲ್ಲದ, ಎಲೆಕ್ಟ್ರೋಡೂ ರೆಕಾರ್ಡರೂ ಒಂದೇ ಆಗಿರೋ ಪ್ಯಾಚ್ ಬಂದಿವೆ. ಅಮೆರಿಕದ ಜಿಯೋ ಪ್ಯಾಚ್ 14 ದಿನ ಎದೆ ಮೇಲೆ ಇರುತ್ತದೆ. ನಾರ್ಮನ್ ಹೋಲ್ಟರ್ ಮೊದಲು ಮಾಡಿದ ಯಂತ್ರ ಬೆನ್ನಿಗೆ ಹೊರಬೇಕಿತ್ತು, ತೂಕ ಸುಮಾರು 38 ಕೆಜಿ! ಪ್ಯಾಚಿನಲ್ಲಿ ವೈರಿನ ಎಳೆತ ಇಲ್ಲದಿರೋದೇ ಅರ್ಧ ಗೆಲುವು. ಎಲೆಕ್ಟ್ರೋಡ್‌ಗಳು ಹತ್ತಿರ ಹತ್ತಿರ ಇರೋದರಿಂದ ಸಿಗ್ನಲ್ ಚಿಕ್ಕದು, ಕಾಣೋದು ಒಂದೇ ಕೋನ. ಬಡಿತದ ಲಯ ಹಿಡಿಯೋಕೆ ಅಷ್ಟು ಸಾಕು. ಹಾರ್ಟ್ ಅಟ್ಯಾಕ್ ಹಿಡಿಯೋಕೆ ಸಾಲದು.

ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. 2021ರ ಅಕ್ಟೋಬರಿನಲ್ಲಿ ಅಪ್ಪು ಹೋದ ಮೇಲೆ ನಮ್ಮಲ್ಲಿ ಎಷ್ಟೋ ಜನ ಹೃದಯದ ಗ್ಯಾಜೆಟ್ ಹುಡುಕೋಕೆ ಶುರು ಮಾಡಿದರು. ಎದೆನೋವು ಈಗ ಬರ್ತಾ ಇದೆ ಅಂದರೆ ಯಾವ ಸ್ಟಿಕ್ಕರೂ ಬೇಡ. 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ ಪೂರ್ತಿ 12 ಲೀಡಿನ, ಅಂದರೆ ಹೃದಯವನ್ನು ಹನ್ನೆರಡು ಕೋನದಿಂದ ನೋಡೋ ಇಸಿಜಿ ತೆಗೆಸಿ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೂ ಇದರ ವ್ಯವಸ್ಥೆ ಮಾಡಿದ್ದಾರೆ.

ಲ್ಯಾಬಿನಿಂದ ಬರ್ತಾ ಇರೋದು

ಸುದ್ದಿಯಲ್ಲಿ ಬರೋ "ಸೂಪರ್ ಅಂಟು" ಹೈಡ್ರೋಜೆಲ್‌ಗಳನ್ನು ಇವತ್ತು ಅಂಗಡಿಯಲ್ಲಿ ಹುಡುಕಬೇಡಿ. ಆದರೆ ದಾರಿ ಚೆನ್ನಾಗಿದೆ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಜಿಯಾನ್ ಪಿಂಗ್ ಗಾಂಗ್ ತಂಡ 2003ರಲ್ಲಿ ಎರಡು ಬಲೆ ಒಂದರೊಳಗೊಂದು ಹೆಣೆದು ಸುಲಭಕ್ಕೆ ಹರಿಯದ ಹೈಡ್ರೋಜೆಲ್ ಮಾಡಿತು. ಸಮುದ್ರದ ಬಂಡೆಗೆ ಕಚ್ಚಿಕೊಳ್ಳೋ ನೀಲಿಕಲ್ಲು ಅನ್ನೋ ಚಿಪ್ಪಿನ ಜೀವಿ, ಅದೇ ನಮ್ಮ ಮರುವಾಯಿಯ ನೆಂಟ, ಅದರ ಅಂಟಿನ ರಸಾಯನ ನೋಡಿ ಒದ್ದೆ ಮೈಗೂ ಹಿಡಿಯೋ ಜೆಲ್ ಮಾಡುತ್ತಿದ್ದಾರೆ. ಕರೆಂಟು ಹರಿಸೋ ಪ್ಲಾಸ್ಟಿಕ್ಕನ್ನೇ ಜೆಲ್‌ಗೆ ಬೆರೆಸೋರು ಇದ್ದಾರೆ. ಎಂಐಟಿಯವರು 2022ರಲ್ಲಿ 48 ಗಂಟೆ ಮೈಗೆ ಅಂಟಿಕೊಂಡಿರೋ ಅಲ್ಟ್ರಾಸೌಂಡ್ ಸ್ಟಿಕ್ಕರ್ ತೋರಿಸಿದರು, ಅದರಲ್ಲೂ ಚರ್ಮಕ್ಕೂ ಯಂತ್ರಕ್ಕೂ ನಡುವೆ ಹೈಡ್ರೋಜೆಲ್ಲೇ.

ನನ್ನ ತಕರಾರು ಒಂದೇ. ಪ್ರಬಂಧಗಳಲ್ಲಿ ಎಷ್ಟು ಗಟ್ಟಿ ಅಂಟುತ್ತೆ ಅಂತ ಹಂದಿ ಚರ್ಮದ ಮೇಲೆ ಎಳೆದು ತೋರಿಸುತ್ತಾರೆ. ಹಂದಿ ಚರ್ಮ ಬೆವರಲ್ಲ, ಕಿತ್ತಾಗ ಅಯ್ಯೋ ಅನ್ನಲ್ಲ. ಎಪ್ಪತ್ತು ವರ್ಷದ ಅಜ್ಜಿಯ ಮುಂಗೈ ಮೇಲಿಂದ ತೆಗೆಯೋದು ಹೇಗೆ ಅಂತ ಬರೆದವರನ್ನು ನಾನು ಮೊದಲು ಓದುತ್ತೇನೆ.

ಹಾಗಾದರೆ ಯಾರಿಗೆ ಯಾವುದು

ಅಪ್ಪ ಅಮ್ಮನಿಗೆ ಒಂದೆರಡು ದಿನದ ರೆಕಾರ್ಡಿಂಗ್ ಅಂದರೆ ಬಟ್ಟೆ ಬಳೆಯ ಹೈಡ್ರೋಜೆಲ್. ಆಸ್ಪತ್ರೆಯವರು ಅವರ ಸ್ಟಿಕ್ಕರನ್ನೇ ಹಾಕುತ್ತಾರೆ, ಸರಿ. "ಬಿಟ್ಟುಕೊಂಡರೆ ಹಾಕೋಕೆ ಎರಡು ಎಕ್ಸ್‌ಟ್ರಾ ಕೊಡಿ" ಅಂತ ಕೇಳಿ ಇಸ್ಕೊಳ್ಳಿ, ಅದೇ ಜಾಗದ ಗುರುತನ್ನು ಪೆನ್ನಿನಲ್ಲಿ ಹಾಕಿಸಿಕೊಳ್ಳಿ. ವಯಸ್ಸಾದವರ ಚರ್ಮ ಕಾಗದದಂತಿದ್ದರೆ, ಎಳೆ ಮಗುವಾದರೆ, ಸಿಲಿಕೋನ್ ಅಂಟಿನ ಬಳೆ ಇರೋದು ಸಿಗುತ್ತಾ ಕೇಳಿ. ಹಿಡಿತ ಸ್ವಲ್ಪ ಕಡಿಮೆ, ಆದರೆ ಚರ್ಮ ಎದ್ದು ಬರಲ್ಲ.

ಅಲರ್ಜಿ ಇರೋರು ಒಂದು ವಿಷಯ ತಿಳಿದಿರಲಿ. ತುರಿಕೆಗೆಲ್ಲ ಜೆಲ್ಲೇ ಕಾರಣ ಅಲ್ಲ, ಸುಮಾರು ಸಲ ಬಳೆಯ ಅಂಟಿನಲ್ಲಿರೋ ಅಕ್ರಿಲೇಟ್ ಅನ್ನೋ ರಾಸಾಯನಿಕ. ಕೆಂಪು ಎಲ್ಲಿದೆ ನೋಡಿ: ನಡುವೆ ಇದ್ದರೆ ಜೆಲ್, ಸುತ್ತ ಉಂಗುರದಂತಿದ್ದರೆ ಅಂಟು. ಅಮ್ಮನದ್ದು ಉಂಗುರ. ಬರೀ ಕೆಂಪಾಗಿ ಒಂದು ದಿನದಲ್ಲಿ ಹೋದರೆ ಕಿತ್ತ ಉರಿ, ಗುಳ್ಳೆ ಎದ್ದು ದಿನ ಕಳೆದಂತೆ ಜಾಸ್ತಿಯಾದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಪ್ರಾಜೆಕ್ಟಿನವರಿಗೆ, ಇಸಿಜಿಗಾದರೂ ಸ್ನಾಯುವಿನ ಇಎಂಜಿಗಾದರೂ, ಟಿಚ್ ಬಟನ್ ಇರೋ ಬೆಳ್ಳಿ ಕ್ಲೋರೈಡಿನ ಹೈಡ್ರೋಜೆಲ್ ಸಾಕು. ಇಎಂಜಿಗೆ ಎರಡರ ನಡುವೆ 20 ಮಿಲಿಮೀಟರ್ ಅಂತರ ಇರಲಿ ಅನ್ನುತ್ತಾರೆ. ದೊಡ್ಡ ಬಳೆ ಇದ್ದರೆ ಅಷ್ಟು ಹತ್ತಿರ ಬರಲ್ಲ, ಚಿಕ್ಕ ಸೈಜು ತರಿಸಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ, ಕರೆಂಟ್ ಲೈನಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಅರ್ಧ ಅಲ್ಲೇ ಸಾಯುತ್ತದೆ, ಸುರಕ್ಷಿತವೂ ಹೌದು.

ಅಂಟಿಸೋದು, ಕೀಳೋದು

ಎರಡನೇ ಸಲ ಅಮ್ಮನಿಗೆ ಹೋಲ್ಟರ್ ಹಾಕಿಸೋ ದಿನ ನಾನೇ ಜೊತೆಗೆ ಹೋದೆ. ಆಗ ಗೊತ್ತಾಯಿತು, ಮೊದಲ ಸಲ ಅಮ್ಮ ಎಂದಿನಂತೆ ಕೊಬ್ಬರಿ ಎಣ್ಣೆ ಹಚ್ಚಿ ಸ್ನಾನ ಮಾಡಿ, ಪೌಡರ್ ಹಾಕಿಕೊಂಡು ಹೋಗಿದ್ದರಂತೆ. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಎಣ್ಣೆ ಮೇಲೆ ಯಾವ ದೇಶದ ಹೈಡ್ರೋಜೆಲ್ ಬಂದರೂ ನಿಲ್ಲಲ್ಲ ಬಿಡಿ.

ಈ ಸಲ ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಒರಟು ಗಾಜ್ ಬಟ್ಟೆಯಲ್ಲಿ ಸ್ವಲ್ಪ ಕೆಂಪಾಗುವಷ್ಟು ಉಜ್ಜಿದರು. ಗಂಡಸರ ಎದೆಗೂದಲಾದರೆ ಬ್ಲೇಡಿನಲ್ಲಿ ಬೋಳಿಸೋದಕ್ಕಿಂತ ಟ್ರಿಮ್ಮರ್ ವಾಸಿ, ಗಾಯದ ಮೇಲೆ ಉಪ್ಪಿನ ಜೆಲ್ ಬಿದ್ದರೆ ಗೊತ್ತಲ್ಲ. ಅಂಟಿಸುವಾಗ ನಡುವಿನ ಗುಂಡಿ ಅದುಮಬಾರದು, ಅಂಚನ್ನು ಸುತ್ತಲೂ ಬೆರಳಲ್ಲಿ ಒತ್ತಬೇಕು. ವೈರನ್ನು ಸಣ್ಣ ಸುತ್ತು ಹಾಕಿ ಅದರ ಮೇಲೊಂದು ಟೇಪ್ ಹಚ್ಚಿದರೆ ಎಳೆತ ಟೇಪಿಗೆ ಹೋಗುತ್ತದೆ, ಸ್ಟಿಕ್ಕರಿಗೆ ಬರಲ್ಲ. ಐದೂ ಬೆಳಗಿನ ತನಕ ಕದಲಲಿಲ್ಲ.

ಕೀಳುವಾಗ ಬ್ಯಾಂಡೇಜ್ ಥರ ಪಟ್ ಅಂತ ಮೇಲಕ್ಕೆ ಎಳೆಯಬೇಡಿ. ಒಂದು ಅಂಚು ಎಬ್ಬಿಸಿ, ಇನ್ನೊಂದು ಕೈಯಲ್ಲಿ ಚರ್ಮ ಒತ್ತಿ ಹಿಡಿದು, ಸ್ಟಿಕ್ಕರನ್ನು ಹಿಂದಕ್ಕೆ ಮಡಚಿಕೊಂಡು ಚರ್ಮಕ್ಕೆ ಸಮನಾಗಿ ನಿಧಾನಕ್ಕೆ ತೆಗೆಯಿರಿ. ಜಗ್ಗುತ್ತಿದ್ದರೆ ಅಂಚಿಗೆ ಸ್ವಲ್ಪ ಎಣ್ಣೆ ಬಿಟ್ಟು ಒಂದು ನಿಮಿಷ ಕಾಯಿರಿ, ಅಂಟು ತಾನೇ ಸಡಿಲ ಬಿಡುತ್ತದೆ. ರೆಕಾರ್ಡರ್ ಬಿಚ್ಚಿದ ಮೇಲೆ ನಾನೇ ಕೊಬ್ಬರಿ ಎಣ್ಣೆ ಬಾಟಲಿ ತಂದು ಅಮ್ಮನ ಕೈಗೆ ಕೊಟ್ಟೆ. "ನಿನ್ನೆ ಇದನ್ನು ಮುಟ್ಟಿದರೆ ಬೈದೆ, ಇವತ್ತು ನೀನೇ ತಂದೆಯಲ್ಲೋ" ಅಂದರು.